ಭೇದಿಯಾದ ಮಗುವಿನ ಶುಶ್ರೂಷೆ

ಮಳೆಗಾಲ ಕಾಲಿಟ್ಟಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಮಕ್ಕಳ ಹೊಟ್ಟೆಯ ವಿಚಾರವಾಗಿಯೇ ಇರುತ್ತವೆ. ಬಾವಿಗೆ ಹೊಸ ನೀರು ಇಳಿದಿರುತ್ತದೆ. ನಲ್ಲಿಯಲ್ಲಿ ಕದಡಿದ ನೀರು ಬರುತ್ತದೆ. ಹಲಸು ಮಾವುಗಳ ಸಿಪ್ಪೆಯ ಮೇಲೆ ನೊಣ ಮುತ್ತುತ್ತದೆ. ಇವೆಲ್ಲದರ ಫಲವನ್ನು ಮೊದಲು ಅನುಭವಿಸುವುದು ಮನೆಯ ಅತಿ ಕಿರಿಯ ಜೀವ. ಈ ಸಲ ಬಂದ ಪತ್ರಗಳಲ್ಲೊಂದನ್ನು ಹಿರಿಯ ಗೃಹಿಣಿಯೊಬ್ಬರು ಬರೆದಿದ್ದಾರೆ. ಅವರ ಮೊಮ್ಮಗನಿಗೆ ಹದಿನಾಲ್ಕು ತಿಂಗಳು. ಎರಡು ದಿನ ನೀರುನೀರಾಗಿ ಭೇದಿಯಾದಾಗ, ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಅವರು ಮಗುವಿಗೆ ನೀರನ್ನೂ ಹಾಲನ್ನೂ ನಿಲ್ಲಿಸಿ, ತೆಳ್ಳಗಿನ ಗಂಜಿಯೊಂದನ್ನೇ ಆಗಾಗ ಕೊಡುತ್ತಿದ್ದರಂತೆ. ಸೊಸೆಯಾದರೋ ಅತ್ತೆಯವರ ಕಣ್ಣು ತಪ್ಪಿಸಿ ಮೊಲೆಯೂಡಿಸಿ, ಔಷಧಿಯ ಅಂಗಡಿಯಿಂದ ತರಿಸಿದ ಪೊಟ್ಟಣದ ಪುಡಿಯನ್ನು ನೀರಿಗೆ ಬೆರೆಸಿ ಕುಡಿಸುತ್ತಿದ್ದಳಂತೆ. ಮಗು ಗುಣವಾಯಿತು, ಮನೆಯ ವ್ಯಾಜ್ಯ ಮಾತ್ರ ಗುಣವಾಗಲಿಲ್ಲ. ಯಾರು ಮಾಡಿದ್ದು ಸರಿಯೆಂದು ಕೇಳಿದ್ದಾರೆ. ತಮಗೆ ಪ್ರತಿಕೂಲವಾದ ಸಂಗತಿಯನ್ನೂ ಮುಚ್ಚಿಡದೆ ಬರೆದ ಆ ತಾಯಿಯ ಸರಳತೆ ಮೆಚ್ಚತಕ್ಕದ್ದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ನೀರು ಮತ್ತು ಮೊಲೆಹಾಲಿನ ವಿಷಯದಲ್ಲಿ ಸೊಸೆ ಮಾಡಿದುದೇ ಸರಿ. ಗಂಜಿಯ ವಿಷಯದಲ್ಲಿ ಅತ್ತೆಯವರ ಕೈ ಒಳ್ಳೆಯ ದಾರಿಯಲ್ಲಿಯೇ ಇತ್ತು. ಅದು ಇನ್ನೂ ಸ್ವಲ್ಪ ಗಟ್ಟಿಯಾಗಿದ್ದರೆ ಸಾಕಾಗಿತ್ತು. ಇದಕ್ಕೆ ಕಾರಣವೇನೆಂಬುದನ್ನು ತಿಳಿದರೆ ಮುಂದಿನ ಸಲ ಇಬ್ಬರೂ ಒಂದೇ ಮಂಚದ ಬಳಿ ಕುಳಿತು ಶುಶ್ರೂಷೆ ಮಾಡುವುದು ಸಾಧ್ಯವಾಗುತ್ತದೆ.

ಕುಡಿಸಿದಷ್ಟೂ ಹೊರಕ್ಕೆ ಹೋಗುತ್ತದೆ, ತೂತುಬಿದ್ದ ಕೊಡಕ್ಕೆ ನೀರು ಹೊಯ್ದು ಫಲವೇನು ಎಂಬುದು ಹಿರಿಯರ ವಾದ. ನೋಡುವ ಕಣ್ಣಿಗೆ ಇದು ನಿಜವೆಂದೇ ತೋರುತ್ತದೆ. ಆದರೆ ಕೊಡಕ್ಕೆ ನೀರಿಲ್ಲದಿದ್ದರೆ ನಷ್ಟವೇನೂ ಇಲ್ಲ; ಮಗುವಿಗೆ ನೀರೇ ಪ್ರಾಣ. ಹುಟ್ಟಿದ ಕೂಸಿನ ತೂಕದಲ್ಲಿ ನೂರಕ್ಕೆ ಸುಮಾರು ೭೫ ಪಾಲು ನೀರು. ೧೦ ಕಿಲೋ ತೂಗುವ ಮಗು ಭೇದಿ ವಾಂತಿಗಳಲ್ಲಿ ಅರ್ಧ ಲೀಟರು ನೀರನ್ನು ಕಳೆದುಕೊಂಡರೆ ಅದರ ಕಣ್ಣು ಬಾಡುತ್ತದೆ. ಒಂದು ಲೀಟರಿನಷ್ಟು ಕಳೆದುಕೊಂಡರೆ ಪ್ರಾಣಕ್ಕೇ ಅಪಾಯ. ಒಂದು ಲೀಟರೆಂದರೆ ಎಷ್ಟು? ದಿನವೂ ನಾವು ಕೈಯಲ್ಲಿ ಹಿಡಿಯುವ ದೊಡ್ಡ ನೀರಿನ ಸೀಸೆಯೊಂದರಷ್ಟು. ನಿಲ್ಲದ ಭೇದಿಯಲ್ಲಿ ಅಷ್ಟು ಹೋಗುವುದಕ್ಕೆ ಒಂದು ಹಗಲು ಸಾಕು. ಭೇದಿಯಿಂದ ಮಕ್ಕಳು ಸಾಯುತ್ತಾರೆಂದು ನಾವು ಹೇಳುವುದರ ಅರ್ಥ ಬಹುಮಟ್ಟಿಗೆ ಇಷ್ಟೇ: ಹೋದ ನೀರೂ ಉಪ್ಪೂ ಹೊತ್ತಿಗೆ ಸರಿಯಾಗಿ ಹಿಂದಕ್ಕೆ ಬರಲಿಲ್ಲ. ಭೇದಿ ತಾನಾಗಿ ಕೆಲವು ದಿನಗಳಲ್ಲಿ ನಿಲ್ಲುವಂಥದೇ ಹೆಚ್ಚು. ಅದು ನಿಲ್ಲುವವರೆಗೆ ಮಗುವನ್ನು ಬತ್ತಗೊಡದಿರುವುದೇ ಶುಶ್ರೂಷೆಯ ಸಾರ.

ಹಾಗಾದರೆ ಬರಿಯ ನೀರನ್ನೇ ಕುಡಿಸಿದರೆ ಸಾಲದೇ? ಸಾಲದು. ಹೋಗುವುದು ಬರಿಯ ನೀರಲ್ಲ, ಅದರೊಡನೆ ಉಪ್ಪಿನಂಶವೂ ಹೋಗುತ್ತದೆ. ಇನ್ನೊಂದು ಸಂಗತಿಯೂ ಉಂಟು. ರೋಗದಿಂದ ನೊಂದ ಕರುಳು ಬರಿಯ ಉಪ್ಪುನೀರನ್ನು ಚೆನ್ನಾಗಿ ಹೀರಲಾರದು; ಆದರೆ ಉಪ್ಪಿನೊಡನೆ ಗ್ಲೂಕೋಸ್ ಎಂಬ ಸಕ್ಕರೆ ತಕ್ಕ ಪ್ರಮಾಣದಲ್ಲಿ ಸೇರಿದರೆ, ಎರಡೂ ಜೊತೆಗೂಡಿ ಒಳಕ್ಕೆ ಹೋಗುತ್ತವೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ. ಕಾಲರಾದಂಥ ಘೋರ ರೋಗದಲ್ಲಿಯೂ ಈ ಬಾಗಿಲು ತೆರೆದೇ ಇರುತ್ತದೆಂಬುದೇ ಆಶ್ಚರ್ಯ. ೧೯೬೮ರಲ್ಲಿ ಢಾಕಾ ನಗರದಲ್ಲಿ ಕಾಲರಾ ರೋಗಿಗಳಿಗೆ ಈ ದ್ರಾವಣವನ್ನು ಕುಡಿಸಿ ಅದರ ಗುಣವನ್ನು ಕಂಡುಕೊಂಡರು. ಆದರೆ ವೈದ್ಯರ ಕಣ್ಣೆದುರಿನಲ್ಲಿ ನಡೆದ ಪರೀಕ್ಷೆಗೂ ಸಾಮಾನ್ಯ ಜನರ ಕೈಯಲ್ಲಿ ನಡೆಯುವ ಶುಶ್ರೂಷೆಗೂ ಬಹಳ ಅಂತರವಷ್ಟೆ. ಆ ಅಂತರವನ್ನು ದಾಟಿದ್ದು ೧೯೭೧ರಲ್ಲಿ.

ಆ ವರ್ಷ ಪೂರ್ವ ಬಂಗಾಳದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಗಡಿಯ ಬಳಿಯ ಬನಗಾಂವ್ ಎಂಬ ಊರಿನ ಆಸ್ಪತ್ರೆಯಲ್ಲಿ ಮಂಚಗಳು ಸಾಲದೆ ರೋಗಿಗಳು ನೆಲದ ಮೇಲೆ ಬಿದ್ದಿದ್ದರು. ರಕ್ತನಾಳಕ್ಕೆ ಏರಿಸುವ ಲವಣಜಲ ತೀರುತ್ತ ಬಂದಿತ್ತು. ಏರಿಸಬಲ್ಲ ಜನವೂ ಇರಲಿಲ್ಲ. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಅಡಿಗೆಯ ಉಪ್ಪು, ಸೋಡಾ ಇವುಗಳನ್ನು ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ನಲ್ಲಿಯಿಟ್ಟ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ಲೋಟದಿಂದ ಕುಡಿಸಿದವರು ದಾದಿಯರಲ್ಲ. ರೋಗಿಗಳ ತಾಯಂದಿರು, ಅಣ್ಣತಮ್ಮಂದಿರು, ನೆಂಟರು. ನೂರಕ್ಕೆ ಸುಮಾರು ೩೦ ಮಂದಿ ಸಾಯುತ್ತಿದ್ದ ಕಡೆ, ಈ ಉಪಚಾರ ಪಡೆದವರಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ೧೯೭೩ರಲ್ಲಿ ಅವರು ಈ ಅನುಭವವನ್ನು ಪ್ರಕಟಿಸಿದರು. ೨೦೨೨ರಲ್ಲಿ ಅವರು ತೀರಿಕೊಂಡ ಮೇಲೆ, ೨೦೨೩ರಲ್ಲಿ, ಭಾರತ ಸರ್ಕಾರ ಪದ್ಮವಿಭೂಷಣವನ್ನು ಘೋಷಿಸಿತು. ಸ್ವಲ್ಪ ತಡವಾಯಿತೆಂದು ನಮಗೆ ತೋರುತ್ತದೆ. ಓದು ಬಾರದ, ಮನೆಮಠ ಕಳೆದುಕೊಂಡ ತಾಯಂದಿರು ಆ ನೆಲದ ಮೇಲೆ ಕುಳಿತು ಮಾಡಿದ ಕೆಲಸವನ್ನು ನಮ್ಮ ಗೃಹಿಣಿಯರು ಬೆಳಕು ಗಾಳಿಗಳಿರುವ ಮನೆಯಲ್ಲಿ ಮಾಡಲಾರರೇ?

ಈಗ ಕೈಗೆಲಸಕ್ಕೆ ಬರೋಣ. ಜೀವಜಲವೆಂದೂ ಓ.ಆರ್.ಎಸ್. ಎಂದೂ ಕರೆಯುವ ಈ ಪುಡಿಯ ಪೊಟ್ಟಣ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯೂ ದೊರೆಯುತ್ತದೆ. ಔಷಧಿಯ ಅಂಗಡಿಯಲ್ಲಿ ಕ್ರಯಕ್ಕೂ ಸಿಗುತ್ತದೆ. ಒಂದು ಲೀಟರಿನ ಪೊಟ್ಟಣವೂ ಉಂಟು, ೨೦೦ ಮಿಲಿಲೀಟರಿನ ಚಿಕ್ಕ ಪೊಟ್ಟಣವೂ ಉಂಟು. ಆದುದರಿಂದ ಮೇಲೆ ಅಚ್ಚಾದುದನ್ನು ಓದದೆ ಕತ್ತರಿಸಕೂಡದು. ಒಂದು ಲೀಟರಿನ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದರೆ ಅದು ಮದ್ದಲ್ಲ, ಮಗುವಿಗೆ ಅಪಾಯಕರವಾದ ಉಪ್ಪುನೀರು. ಪುಡಿಯನ್ನು ಇಷ್ಟಿಷ್ಟೇ ಹಾಕಿ ಉಳಿಸುವ ಜಾಣತನವೂ ಬೇಡ. ಪೊಟ್ಟಣ ಪೂರ್ತಿ, ನೀರೂ ಪೂರ್ತಿ. ಕುದಿಸಿ ಆರಿಸಿದ ನೀರನ್ನು ಅಳತೆಮಾಡಿ ಚೊಕ್ಕಟವಾದ ಪಾತ್ರೆಗೆ ಹೊಯ್ದು, ಸೋಪಿನಿಂದ ಕೈ ತೊಳೆದುಕೊಂಡು, ಪುಡಿಯನ್ನು ಕರಗಿಸಬೇಕು. ಕರಗಿಸಿದ ಮೇಲೆ ಮತ್ತೆ ಕಾಯಿಸಬಾರದು. ರುಚಿಗಾಗಿ ಸಕ್ಕರೆಯನ್ನಾಗಲಿ ಹಾಲನ್ನಾಗಲಿ ಹಣ್ಣಿನ ರಸವನ್ನಾಗಲಿ ಸೇರಿಸಬಾರದು. ಮುಚ್ಚಿಟ್ಟು ಉಪಯೋಗಿಸಿ, ೨೪ ಗಂಟೆಯಾದ ಮೇಲೆ ಉಳಿದುದನ್ನು ಚೆಲ್ಲಿ ಹೊಸದಾಗಿ ಮಾಡತಕ್ಕದ್ದು.

ನಡುರಾತ್ರಿಯಲ್ಲಿ ಪೊಟ್ಟಣ ಸಿಕ್ಕದಿದ್ದರೆ, ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಲ್ಲಿ ಸಕ್ಕರೆ ಆರು, ಉಪ್ಪು ಅರ್ಧ, ಎರಡನ್ನೂ ಅಂಚಿಗೆ ಸಮಮಾಡಿ ಹಾಕಿ ಕರಗಿಸಿ ಬೆಳಗಿನವರೆಗೆ ನಡೆಸಬಹುದು. ಮಗುವಿಗೆ ಕೊಡುವ ಮೊದಲು ತಾವು ನಾಲಗೆಗೆ ಹಚ್ಚಿ ನೋಡಬೇಕು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಬೇಕು. ಇದು ಪೊಟ್ಟಣಕ್ಕೆ ಸಮವಲ್ಲ, ಪೊಟ್ಟಣ ಬರುವವರೆಗಿನ ಆಸರೆ.

ಎಷ್ಟು ಕುಡಿಸಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ೫೦ರಿಂದ ೧೦೦ ಮಿಲಿಲೀಟರು. ಎರಡು ವರ್ಷ ದಾಟಿದ ಮಕ್ಕಳಿಗೆ ೧೦೦ರಿಂದ ೨೦೦ ಮಿಲಿಲೀಟರು. ಕಾಫಿಯ ಸಣ್ಣ ಲೋಟವನ್ನು ಮೊದಲೇ ಅಳೆದು ಗುರುತುಮಾಡಿ ಇಟ್ಟುಕೊಂಡರೆ ಪ್ರತಿ ಸಲವೂ ಲೆಕ್ಕ ಹಾಕುವ ಕಷ್ಟವಿಲ್ಲ. ಕುಡಿಸುವ ಬಗೆಯಲ್ಲಿಯೇ ಶುಶ್ರೂಷೆಯ ಜಾಣ್ಮೆಯೆಲ್ಲ ಇರುವುದು. ಬಾಯಾರಿದ ಮಗು ಲೋಟ ಕಂಡೊಡನೆ ಗಟಗಟನೆ ಕುಡಿಯುತ್ತದೆ, ಕುಡಿದದ್ದನ್ನೆಲ್ಲ ಕಕ್ಕುತ್ತದೆ, ಹೊಟ್ಟೆ ಒಪ್ಪುವುದಿಲ್ಲವೆಂದು ತಾಯಿ ಕೈಬಿಡುತ್ತಾಳೆ. ಅನೇಕ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲಿಯೇ. ಚಮಚದಿಂದ, ಒಂದೆರಡು ನಿಮಿಷಕ್ಕೊಂದು ಗುಟುಕಿನಂತೆ ಕೊಡಬೇಕು. ಎಳೆಯ ಕೂಸಿಗೆ ನಮ್ಮ ಅಜ್ಜಿಯರ ಒಳಲೆಗಿಂತ ಒಳ್ಳೆಯ ಸಾಧನವಿಲ್ಲ. ಬೆಳ್ಳಿಯದೇ ಆಗಬೇಕೆಂದಿಲ್ಲ, ಸ್ಟೀಲಿನದಾದರೂ ಕುದಿಸಿ ತೊಳೆದಿದ್ದರೆ ಸಾಕು. ರಬ್ಬರಿನ ತೊಟ್ಟಿನ ಸೀಸೆಯನ್ನು ಮಾತ್ರ ಈ ಕಾಲದಲ್ಲಿ ದೂರವಿಡಬೇಕು. ಅದರ ಸಂದುಗಳನ್ನು ಶುಚಿಮಾಡುವುದು ಕಷ್ಟ, ಭೇದಿ ಬಂದದ್ದೇ ಎಷ್ಟೋ ವೇಳೆ ಆ ದಾರಿಯಿಂದ. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಇನ್ನೂ ನಿಧಾನವಾಗಿ ಆರಂಭಿಸಬೇಕು. ಬೇಸರಪಡದೆ ಕುಳಿತಿರುವ ಕೈ ಬೇಕು. ಇದು ತಾಯಿಯೊಬ್ಬಳ ಕೈಯೇ ಆಗಬೇಕೆಂಬ ಕಟ್ಟಳೆಯೇನೂ ಇಲ್ಲ. ಈ ಪತ್ರಿಕೆಯನ್ನು ಊಟವಾದ ಮೇಲೆ ಓದುವ ಗೃಹಸ್ಥರೂ ರಾತ್ರಿ ಎರಡು ಗಂಟೆಯವರೆಗೆ ಚಮಚ ಹಿಡಿಯಬಲ್ಲರು. ನಿದ್ದೆಗೆಟ್ಟ ತಾಯಿಯ ಕಣ್ಣಿಗೆ ಮಗುವಿನ ಸೂಕ್ಷ್ಮ ಬದಲಾವಣೆಗಳು ಕಾಣದೆ ಹೋಗುತ್ತವೆ.

ಆ ಬದಲಾವಣೆಗಳಾವುವೆಂದರೆ: ಮೊದಲು ಮಗು ಕಿರಿಕಿರಿಗೊಳ್ಳುತ್ತದೆ, ನೀರಿಗಾಗಿ ಹಾತೊರೆಯುತ್ತದೆ, ಕಣ್ಣು ಗುಳಿಬೀಳುತ್ತದೆ, ಬಾಯಿ ಒಣಗುತ್ತದೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಹೊಕ್ಕುಳಿಗೂ ಪಕ್ಕೆಗೂ ನಡುವಿನ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲನೆ ಹಿಡಿದೆತ್ತಿ ಬಿಟ್ಟರೆ, ಆರೋಗ್ಯವಾದ ಮಗುವಿನಲ್ಲಿ ಅದು ಥಟ್ಟನೆ ಸಮನಾಗುತ್ತದೆ. ನೀರು ಬತ್ತಿದಾಗ ನಿಧಾನವಾಗಿ ಇಳಿಯುತ್ತದೆ. ಈ ಹಂತದಲ್ಲಿಯೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಅಲ್ಲಿ ಮಗುವಿನ ತೂಕ ನೋಡಿ, ಕಿಲೋ ಒಂದಕ್ಕೆ ೭೫ ಮಿಲಿಲೀಟರಿನಂತೆ ನಾಲ್ಕು ಗಂಟೆಗಳಲ್ಲಿ ಇದೇ ದ್ರಾವಣವನ್ನು ಕುಡಿಸುತ್ತಾರೆ. ೧೦ ಕಿಲೋ ಮಗುವಿಗೆ ಅದು ೭೫೦ ಮಿಲಿಲೀಟರಾಯಿತು. ಆದರೆ ಮಗು ಜಡವಾಗಿ ತೂಗಾಡತೊಡಗಿದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಕುಡಿಯಲಾರದೆ ಹೋದರೆ, ಎತ್ತಿಬಿಟ್ಟ ಚರ್ಮ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆಯೇ ನಿಂತರೆ, ಒಂದು ಗಳಿಗೆಯೂ ತಡಮಾಡಕೂಡದು. ಅದು ರಕ್ತನಾಳದ ಮೂಲಕ ದ್ರವ ಕೊಡಬೇಕಾದ ಸ್ಥಿತಿ. ಗಾಡಿಯಲ್ಲಿ ಹೋಗುವಾಗ ಮಗುವಿಗೆ ನುಂಗಲು ಶಕ್ತಿಯಿದ್ದರೆ ದಾರಿಯುದ್ದಕ್ಕೂ ಚಮಚ ನಡೆಯುತ್ತಿರಬೇಕು.

ಇಲ್ಲಿ ನಮ್ಮ ಅಜ್ಜಿಯರ ವಿಷಯದಲ್ಲಿ ಒಂದು ಮಾತು. ಭೇದಿಯಾದ ಕೂಸಿನ ನೆತ್ತಿ ಕುಸಿದಿದೆಯೆಂಬುದನ್ನು ಮನೆಯಲ್ಲಿ ಮೊದಲು ಕಾಣುವವರು ಅವರೇ. ನೆತ್ತಿಯ ಎಲುಬು ಕೂಡಿಲ್ಲದ ಕೂಸಿನಲ್ಲಿ ನೀರು ಬತ್ತಿದೊಡನೆ ಅಲ್ಲಿ ಗುಳಿಬೀಳುವುದು ನಿಜ. ವೈದ್ಯರೂ ಅದನ್ನು ನೋಡುತ್ತಾರೆ. ಅವರ ಕಣ್ಣು ಸರಿ, ಮದ್ದು ಮಾತ್ರ ತಪ್ಪು. ನೆತ್ತಿಗೆ ಎಣ್ಣೆಯಿಟ್ಟು ತಟ್ಟುವುದರಿಂದ ಅದು ಮೇಲೇಳಲಾರದು. ಹೊಟ್ಟೆಗೆ ನೀರು ಹೋದಂತೆಲ್ಲ ತಾನೇ ಏಳುತ್ತದೆ. ಹಲ್ಲು ಹುಟ್ಟುವಾಗ ಭೇದಿ ಸಹಜವೆಂದು ಸುಮ್ಮನಿರುವುದೂ ಸರಿಯಲ್ಲ. ಆ ವಯಸ್ಸಿನ ಮಗು ಸಿಕ್ಕಿದುದನ್ನೆಲ್ಲ ಬಾಯಿಗಿಡುತ್ತದೆ. ರೋಗ ಬರುವುದು ಹಲ್ಲಿನಿಂದಲ್ಲ, ಬೆರಳಿನಿಂದ. ಇನ್ನು ಹೊಟ್ಟೆಗೆ ಬರೆಯಿಡುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ, ಅದನ್ನು ಸೌಮ್ಯವಾದ ಮಾತಿನಲ್ಲಿ ಖಂಡಿಸುವುದು ನಮ್ಮಿಂದಾಗದು. ನೀರಿಲ್ಲದೆ ಬಾಡಿದ ಜೀವಕ್ಕೆ ಬೆಂಕಿಯ ಗಾಯವನ್ನೂ ಕೊಡುವುದು ಕ್ರೌರ್ಯ.

ಆಹಾರದ ವಿಷಯ. ಮೊಲೆಯುಣ್ಣುವ ಕೂಸಿಗೆ ಮೊಲೆಹಾಲನ್ನು ಎಂದಿಗೂ ನಿಲ್ಲಿಸಕೂಡದು. ಮೊದಲಿಗಿಂತ ಹೆಚ್ಚು ಸಲ, ಹೆಚ್ಚು ಹೊತ್ತು ಉಣಿಸಬೇಕು. ಆರು ತಿಂಗಳೊಳಗಿನ ಕೂಸಿಗೆ ಮೊಲೆಹಾಲೂ ಈ ದ್ರಾವಣವೂ ಹೊರತು ಬೇರೇನೂ ಬೇಡ. ಮೊಲೆಯುಣ್ಣುವ ಕೂಸು ದಿನಕ್ಕೆ ಹಲವು ಸಲ ಮೆತ್ತಗೆ ಹಳದಿಯಾಗಿ ಹೋಗುವುದು ಸಹಜವೆಂಬುದೂ ನೆನಪಿರಲಿ; ಎಂದಿಗಿಂತ ನೀರಾಗಿ, ಎಂದಿಗಿಂತ ಹೆಚ್ಚು ಸಲ ಆದರೆ ಅದು ಭೇದಿ. ಊಟ ಕಲಿತ ಮಕ್ಕಳಿಗೆ ಮಿದುವಾದ ಅನ್ನಮಜ್ಜಿಗೆ, ಉಪ್ಪು ಹಾಕಿದ ಗಂಜಿ, ಹೆಸರುಬೇಳೆಯ ತೆಳ್ಳನೆಯ ಹುಗ್ಗಿ, ಕಿವುಚಿದ ಬಾಳೆಹಣ್ಣು, ರಾಗಿಯ ಸರಿ, ಯಾವುದನ್ನು ಮಗು ಒಪ್ಪುತ್ತದೋ ಅದನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಬೇಕು. ಹಸಿದ ಕರುಳಿಗಿಂತ ಉಂಡ ಕರುಳು ಬೇಗ ಮಾಯುತ್ತದೆ. ಗಂಜಿ ಎಂದರೆ ಅಗುಳಿರುವ ಗಂಜಿಯೇ ಹೊರತು ಬರಿಯ ತಿಳಿಯಲ್ಲ. ಬಾರ್ಲಿಯ ನೀರನ್ನೂ ಸಬ್ಬಕ್ಕಿಯ ತಿಳಿಯನ್ನೂ ದಿನಗಟ್ಟಲೆ ಕೊಡುವುದರಿಂದ ಹೊಟ್ಟೆ ತುಂಬಿದಂತೆ ತೋರುತ್ತದೆ, ಮಗು ಸೊರಗುತ್ತದೆ. ಭೇದಿ ನಿಂತ ಮೇಲೆಯೂ ಎರಡು ವಾರ ದಿನಕ್ಕೊಂದು ಊಟ ಹೆಚ್ಚಾಗಿ ಕೊಟ್ಟು ಕಳೆದ ತೂಕವನ್ನು ತುಂಬಿಸಿಕೊಳ್ಳಬೇಕು. ಈ ಕಡೆಯ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಭೇದಿಯಾದಾಗಲೆಲ್ಲ ಇಷ್ಟಿಷ್ಟು ಇಳಿದು, ವರ್ಷಕ್ಕೆ ಮೂರು ನಾಲ್ಕು ಸಲ ಹೀಗಾದ ಮಗು ಬೆಳೆಯುವುದೆಂತು?

ಎಳನೀರು ಕೊಡಬಹುದೇ ಎಂದು ಹಲವರು ಕೇಳಿದ್ದಾರೆ. ಊಟದ ಜೊತೆಗೆ ಪಾನೀಯವಾಗಿ ಧಾರಾಳವಾಗಿ ಕೊಡಬಹುದು. ಆದರೆ ಅದರಲ್ಲಿ ಪೊಟಾಸಿಯಂ ಹೆಚ್ಚು, ಸೋಡಿಯಂ ಕಡಿಮೆ; ಹೋದ ಉಪ್ಪನ್ನು ಅದೊಂದೇ ತುಂಬಿಕೊಡಲಾರದು. ಸೋಡಾ, ಶರಬತ್ತು, ಡಬ್ಬಿಯ ಹಣ್ಣಿನ ರಸ ಇವು ಬೇಡವೇ ಬೇಡ. ಅತಿಯಾದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಬಣ್ಣಬಣ್ಣದ ರಟ್ಟಿನ ಡಬ್ಬಿಗಳಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡು ಬರಿಯ ಸಿಹಿನೀರನ್ನು ಮಾರುತ್ತಿದ್ದುದೂ ಉಂಟು. ನಿಜವಾದ ಸೂತ್ರಕ್ಕೆ ಹೊಂದದ ಪಾನೀಯಗಳು ಈ ಹೆಸರನ್ನು ಬಳಸಕೂಡದೆಂದು ೨೦೨೫ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತೆಯ ಪ್ರಾಧಿಕಾರ ಆಜ್ಞೆ ಮಾಡಿತು. ಕೊಳ್ಳುವವರು ಹೆಸರನ್ನಲ್ಲ, ಒಳಗಿನ ಪದಾರ್ಥಗಳ ಪಟ್ಟಿಯನ್ನು ಓದಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಲೀಟರಿಗೆ ಗ್ಲೂಕೋಸ್ ೧೩.೫ ಗ್ರಾಂ, ಸೋಡಿಯಂ ಕ್ಲೋರೈಡ್ ೨.೬, ಪೊಟಾಸಿಯಂ ಕ್ಲೋರೈಡ್ ೧.೫, ಸೋಡಿಯಂ ಸಿಟ್ರೇಟ್ ೨.೯ ಗ್ರಾಂ ಇರಬೇಕು.

ಇದರ ಜೊತೆಗೆ ಕೊಡತಕ್ಕ ಮದ್ದು ಒಂದೇ, ಜಿಂಕ್ ಎಂಬ ಸತುವಿನ ಮಾತ್ರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ ೨೦ ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ ೧೦ ಮಿಲಿಗ್ರಾಂ, ಚಮಚದಲ್ಲಿ ಮೊಲೆಹಾಲಿನಲ್ಲೋ ನೀರಿನಲ್ಲೋ ಕರಗಿಸಿ ೧೪ ದಿನ ಕೊಡಬೇಕು. ಮೂರನೆಯ ದಿನ ಭೇದಿ ನಿಂತಿತೆಂದು ಮಾತ್ರೆಯನ್ನು ನಿಲ್ಲಿಸುವುದು ನಮ್ಮ ಮನೆಗಳ ರೂಢಿ. ಹದಿನಾಲ್ಕೂ ದಿನ ಮುಗಿಸಿದರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವ ಸಂಭವ ಕಡಿಮೆಯಾಗುತ್ತದೆ. ದೊಡ್ಡವರು ಪ್ರಯಾಣದಲ್ಲಿ ನುಂಗುವ ಭೇದಿ ಕಟ್ಟುವ ಮಾತ್ರೆಯನ್ನು ಚಿಕ್ಕ ಮಕ್ಕಳಿಗೆ ಮುರಿದು ಕೊಡಲೇಬಾರದು. ಅದು ಕರುಳಿನ ಚಲನೆಯನ್ನು ನಿಲ್ಲಿಸಿ ಅಪಾಯ ತರಬಲ್ಲದು. ನೀರುಭೇದಿಗೆ ಆಂಟಿಬಯೋಟಿಕ್ ಔಷಧಿಯನ್ನು ಅಂಗಡಿಯವನ ಮಾತಿನ ಮೇಲೆ ಕೊಡುವುದೂ ವ್ಯರ್ಥ. ಬಹಳಷ್ಟು ಭೇದಿ ಅದಕ್ಕೆ ಬಗ್ಗದ ವೈರಸ್‌ಗಳಿಂದ ಬರುವಂಥದು.

ಆದರೆ ಮನೆಯ ಶುಶ್ರೂಷೆಗೆ ಮೀರಿದ ಸಂದರ್ಭಗಳೂ ಇವೆ. ಮಲದಲ್ಲಿ ರಕ್ತ ಕಂಡರೆ, ಜ್ವರ ಬಲವಾಗಿದ್ದರೆ, ಕೊಟ್ಟದ್ದೆಲ್ಲ ವಾಂತಿಯಾದರೆ, ಹೊಟ್ಟೆ ಉಬ್ಬಿ ಬಿಗಿದರೆ, ಭೇದಿ ೧೪ ದಿನ ದಾಟಿದರೆ, ಕೂಸು ಎರಡು ತಿಂಗಳೊಳಗಿನದಾದರೆ, ವೈದ್ಯರಿಗೆ ತೋರಿಸಲೇಬೇಕು. ಒಂದನ್ನು ಮಾತ್ರ ವಿಶೇಷವಾಗಿ ಹೇಳಬೇಕು. ಎಳೆಯ ಮಗು ಇದ್ದಕ್ಕಿದ್ದಂತೆ ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಚೀರಿ, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಚೀರುತ್ತಿದ್ದರೆ, ಹಸಿರು ಬಣ್ಣದ ವಾಂತಿಯಾದರೆ, ಕೆಂಪು ಲೋಳೆಯಂಥ ಮಲ ಹೋದರೆ, ಅದು ಭೇದಿಯೆಂದು ತಿಳಿದು ಕೂರಬೇಡಿರಿ. ಕರುಳಿನ ಒಂದು ಭಾಗ ಇನ್ನೊಂದರೊಳಕ್ಕೆ ಸೇರಿಕೊಂಡಾಗ ಹೀಗಾಗುತ್ತದೆ. ಅದಕ್ಕೆ ಆಸ್ಪತ್ರೆಯೇ ಗತಿ. ತಡವಾದಷ್ಟೂ ಕರುಳಿಗೆ ಕೇಡು.

ಮೈಯ ಉಪಚಾರವನ್ನು ಮರೆಯಬಾರದು. ಪದೇ ಪದೇ ಶೌಚದಿಂದ ಮಗುವಿನ ಕುಂಡೆ ಕೆಂಪಾಗಿ ಸುಲಿಯುತ್ತದೆ. ಪ್ರತಿ ಸಲವೂ ಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಹತ್ತಿಯ ಬಟ್ಟೆಯಿಂದ ಒತ್ತಿ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟರೆ ಹಿತ. ಹಾಸಿಗೆಯ ಪಕ್ಕದಲ್ಲಿ ಒಂದು ಕಾಗದವಿಟ್ಟು, ಭೇದಿ ಎಷ್ಟು ಸಲ, ವಾಂತಿ ಎಷ್ಟು ಸಲ, ಮೂತ್ರ ಯಾವಾಗ, ಕುಡಿಸಿದ್ದೆಷ್ಟು ಎಂಬುದನ್ನು ಗಂಟೆಯೊಡನೆ ಗುರುತುಹಾಕಿರಿ. ವೈದ್ಯರ ಮೊದಲ ಪ್ರಶ್ನೆಗಳು ಇವೇ ಆಗಿರುತ್ತವೆ, ಗಾಬರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಕೂಸಿನ ಮಲ ನಿರುಪದ್ರವವೆಂದು ಅಂಗಳದ ಮೂಲೆಗೆ ಎಸೆಯುವುದು, ಬಟ್ಟೆಯನ್ನು ಪಾತ್ರೆ ತೊಳೆಯುವಲ್ಲಿಯೇ ಜಾಲಿಸುವುದು ನಮ್ಮಲ್ಲಿ ರೂಢಿಯಾಗಿದೆ. ದೊಡ್ಡವರ ಮಲದಷ್ಟೇ ಅದೂ ರೋಗವನ್ನು ಹರಡುತ್ತದೆ. ಶೌಚದ ಗುಂಡಿಗೆ ಹಾಕಿ, ಬಟ್ಟೆಯನ್ನು ಬೇರೆಯಾಗಿ ಒಗೆದು, ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ಒಳಲೆಯನ್ನು ಮುಟ್ಟಬೇಕು.

ಕಡೆಯದಾಗಿ ಲಸಿಕೆಯ ವಿಚಾರ. ಎಳೆಯ ಮಕ್ಕಳ ತೀವ್ರವಾದ ನೀರುಭೇದಿಗೆ ರೋಟಾ ವೈರಸ್ ಬಹು ದೊಡ್ಡ ಕಾರಣ. ಅದನ್ನು ತಡೆಯುವ ಹನಿಮದ್ದನ್ನು ೨೦೧೬ರಲ್ಲಿ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ನಾಲ್ಕು ರಾಜ್ಯಗಳಲ್ಲಿ ಮೊದಲು ಸೇರಿಸಿದರು. ಈಗ ಕರ್ನಾಟಕದಲ್ಲಿಯೂ ಉಚಿತವಾಗಿ ದೊರೆಯುತ್ತದೆ. ಕೂಸಿಗೆ ಆರು, ಹತ್ತು, ಹದಿನಾಲ್ಕು ವಾರಗಳಾದಾಗ ಬಾಯಿಗೆ ಹಾಕುತ್ತಾರೆ. ಎಲ್ಲ ಬಗೆಯ ಭೇದಿಯನ್ನೂ ಇದು ತಡೆಯಲಾರದು. ಆದುದರಿಂದ ಲಸಿಕೆಯಾಗಿದ್ದರೂ ಮಳೆಗಾಲಕ್ಕೆ ಮುಂಚೆ ಎರಡು ಪೊಟ್ಟಣ ಓ.ಆರ್.ಎಸ್. ಪುಡಿಯನ್ನೂ ಒಂದು ಪಟ್ಟಿ ಜಿಂಕ್ ಮಾತ್ರೆಯನ್ನೂ ತಂದು, ಮುಗಿಯುವ ದಿನಾಂಕವನ್ನು ನೋಡಿ, ಮನೆಯವರೆಲ್ಲರಿಗೂ ತಿಳಿದ ಒಂದು ಡಬ್ಬಿಯಲ್ಲಿ ಇಟ್ಟಿರಬೇಕು. ಮಲಬದ್ಧತೆಯ ವಿಷಯವಾಗಿ ಬಂದಿರುವ ಪತ್ರಗಳಿಗೆ ಮುಂದಿನ ತಿಂಗಳು ಉತ್ತರ ಬರೆಯುತ್ತೇವೆ.